ಹೊಲದ ಮಾತಿಂದಲೇ ಇಂಗ್ಲಿಷ್ ಶುರು ಮಾಡಿ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಒಂದನೇ ಕ್ಲಾಸಿಂದಲೇ ಇದೆ. ಆದರೆ ರಾಗಿ ಹೊಲದ ಪಕ್ಕ ಬೆಳೆದ ಮಕ್ಕಳಿಗೂ ಆಪಲ್‌ನಿಂದಲೇ ಶುರು ಮಾಡುತ್ತೇವೆ, ಯಾಕೋ!

ಮೊದಲ ವಾರ ಏನೂ ಬರೆಸಬೇಡಿ. ಶಾಲೆಯ ಕೈತೋಟಕ್ಕೆ ಕರೆದುಕೊಂಡು ಹೋಗಿ, ನೀವೇ ಮಾಡುತ್ತಾ ಹೇಳಿ: ಡಿಗ್, ಸೋ (ಬಿತ್ತು), ವಾಟರ್, ಪುಲ್. ನೀವು ಹೇಳಿದ್ದನ್ನು ಮಕ್ಕಳು ಕೈಯಲ್ಲಿ ಮಾಡಿ ತೋರಿಸಿದರೆ ಸಾಕು, ಬಾಯಿ ಬಿಡದಿದ್ದರೂ ಪರವಾಗಿಲ್ಲ, ಆಮೇಲೆ ಅವರೇ ಒಬ್ಬರಿಗೊಬ್ಬರು ಆರ್ಡರ್ ಹಾಕಲು ಶುರು ಮಾಡುತ್ತಾರೆ ನೋಡಿ.

ಅಕ್ಷರ ಕಲಿಸಲು ಖಾಲಿ ಯೂರಿಯಾ ಚೀಲ ಚೆನ್ನಾಗಿರುತ್ತದೆ. ತೊಳೆದು, ಒಣಗಿಸಿ, ಗೋಡೆಗೆ ನೇತುಹಾಕಿ. ಯು, ಆರ್, ಇ, ಎ ದೊಡ್ಡದಾಗಿ ಕಾಣುತ್ತವೆ. 45 ಕೆಜಿ ಅಂತಲೂ ಇರುತ್ತದೆ, ನಂಬರ್ ಪಾಠವೂ ಆಯ್ತು. ಕೀಟನಾಶಕದ ಬಾಟಲಿ, ಪ್ಯಾಕೆಟ್ ಮಾತ್ರ ತರಿಸಲೇಬೇಡಿ, ಖಾಲಿಯಾಗಿದ್ದರೂ ಬೇಡ.

ಆಮೇಲೆ ವಾಕ್ಯ. ಹುರುಳಿ, ಅವರೆ, ತೊಗರಿ ಕಾಳು ಮನೆಯಿಂದ ತರಲು ಹೇಳಿ. ಮುಷ್ಟಿ ಮುಚ್ಚಿಕೊಂಡು ಕೇಳಿ, ಹೌ ಮೆನಿ ಸೀಡ್ಸ್? ಒಂದಿದ್ದರೆ ಒನ್ ಸೀಡ್, ಜಾಸ್ತಿ ಇದ್ದರೆ ಸೀಡ್ಸ್. ಏಕವಚನ, ಬಹುವಚನ ಅಂತ ಬೋರ್ಡ್ ತುಂಬಿಸುವ ಅಗತ್ಯವೇ ಬೀಳುವುದಿಲ್ಲ. ಕೌಸ್, ಗೋಟ್ಸ್ ಅಂದ ಮಕ್ಕಳು ಶೀಪ್ಸ್ ಅಂತಲೂ ಅನ್ನುತ್ತಾರೆ, ಅದು ಸಹಜ ಅಲ್ವಾ? ಮೆಲ್ಲಗೆ ಶೀಪ್ ಅಂತ ತಿದ್ದಿ, ಬೈಯಬೇಡಿ.

ಕೊನೆಗೆ ಸಂತೆ ಆಟ. ಟೊಮೆಟೊ, ಬದನೆಕಾಯಿ ಹರಡಿ, ಹೌ ಮಚ್ ಈಸ್ ದಿಸ್ ಅಂತ ಕೇಳಿಸಿ. ಚೌಕಾಸಿ ಕನ್ನಡದಲ್ಲೇ ನಡೆದರೂ ಸುಮ್ನೆ ಬಿಡಿ. ಬೆಲೆ ಮಾತ್ರ ಇಂಗ್ಲಿಷಲ್ಲೇ ಹೇಳಬೇಕು ಅಂತ ಷರತ್ತು ಹಾಕಿ.