ಗೋವಾಕ್ಕೆ ಪ್ಯಾಕೇಜ್ ಯಾಕೆ? ಮಡಗಾಂವ್‌ನಲ್ಲಿ ಇಳೀರಿ

ಹುಬ್ಬಳ್ಳಿಯಿಂದ ಗೋವಾಕ್ಕೆ ಪ್ಯಾಕೇಜ್ ಎಷ್ಟು ಅಂತ ಇಲ್ಲಿ ವಾರಕ್ಕೊಬ್ಬರಾದರೂ ಕೇಳುತ್ತೀರಿ. ಸುಮ್ನೆ ರೈಲು ಹತ್ತಿ. ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ದೂಧಸಾಗರ ಜಲಪಾತದ ಪಕ್ಕದಲ್ಲೇ ಹೋಗುತ್ತದೆ. ಹಗಲಿನ ಗಾಡಿಯನ್ನೇ ಹಿಡಿಯಿರಿ, ರಾತ್ರಿ ಹೋದರೆ ಘಟ್ಟ ಕಾಣುವುದಿಲ್ಲ.

ಮಡಗಾಂವ್‌ನಲ್ಲಿ ಇಳಿದರೆ ಕೋಲ್ವಾ ಬೀಚ್ ಆರೇಳು ಕಿಲೋಮೀಟರ್. ಮೊದಲ ಸಲ ನಾನು ಸ್ಟೇಷನ್ ಹೊರಗೆ ಟ್ಯಾಕ್ಸಿ ಹತ್ತಿ ಜೇಬು ಖಾಲಿ ಮಾಡಿಕೊಂಡೆ. ಆಮೇಲೆ ನೋಡಿದರೆ ಊರೊಳಗಿಂದ ಬಸ್ಸು ಓಡಾಡುತ್ತಲೇ ಇರುತ್ತದೆ! ಅಲ್ಲಿನ ಸರ್ಕಾರಿ ಬಸ್ಸಿನ ಹೆಸರೇ ಕದಂಬ, ನಮ್ಮ ಬನವಾಸಿಯ ನಂಟು ಅಲ್ವಾ.

ರೂಮನ್ನು ಬೀಚಿಗೆ ಅಂಟಿಕೊಂಡೇ ಮಾಡಬೇಡಿ. ಕೋಲ್ವಾ ಪಕ್ಕದ ಬೆಣಾವಲಿ ಕಡೆ ಓಣಿಯೊಳಗಿನ ಮನೆ ರೂಮು ನೋಡಿ. ಬೆಳಿಗ್ಗೆ ಪೋದೇರ್, ಅಂದರೆ ಬ್ರೆಡ್ ಮಾರುವವನು, ಸೈಕಲ್ ಮೇಲೆ ಪೊಂ ಪೊಂ ಅಂತ ಹಾರ್ನ್ ಒತ್ತುತ್ತಾ ಬರುತ್ತಾನೆ. ಅವನ ಬುಟ್ಟಿಯ ಬಿಸಿ ಪೊಯ್ ತಗೊಳ್ಳಿ, ಅದು ಗೋವಾದ ದುಂಡನೆ ಬ್ರೆಡ್. ಮೇಲೆ ತವುಡಿನ ಪುಡಿ, ಒಳಗೆ ಟೊಳ್ಳು. ನಾನಂತೂ ಮನೆಯಿಂದ ಒಯ್ದ ಶೇಂಗಾ ಚಟ್ನಿ ತುಂಬಿಕೊಂಡು ತಿಂದೆ.

ಒಂದು ದಿನ ಬೀಚ್ ಬಿಟ್ಟು ಫೋಂಡಾ ಬಸ್ ಹತ್ತಿ. ಮಂಗೇಶಿ ಗುಡಿಯ ಬಿಳಿ ದೀಪಸ್ತಂಭ ನೋಡಿ, ಚಡ್ಡಿಯಲ್ಲಿ ಹೋಗಬೇಡಿ. ಅಲ್ಲಿಂದ ಹಳೇ ಗೋವಾ. ಬೊಮ್ ಜೀಸಸ್ ಚರ್ಚ್ ನೋಡಿದ ಮೇಲೆ ಹೊಳೆಗೆ ಇಳಿದು ದಿವಾರ್ ದ್ವೀಪದ ಫೆರ್ರಿ ಹತ್ತಿ. ಗಾಡಿ ಇಲ್ಲದೆ ನಡೆದು ಹತ್ತುವವರು ದುಡ್ಡು ಕೊಡಬೇಕಿಲ್ಲ. ನನಗೆ ಬೀಚಿಗಿಂತ ಆ ದಡದ ಗದ್ದೆಗಳೇ ಜಾಸ್ತಿ ಹಿಡಿಸಿದವು.

ಡಿಸೆಂಬರ್ ಕೊನೇ ವಾರ ಮಾತ್ರ ಬೇಡವೇ ಬೇಡ, ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.