ನಸುಕಿನಲ್ಲಿ ತುಂಬಿದ ಬಾಟಲಿ

ಮುಧೋಳದ ಹತ್ತಿರ ಘಟಪ್ರಭೆಯಲ್ಲಿ ಮೀನು ಸತ್ತ ಸುದ್ದಿ ಬಂದಾಗಲೆಲ್ಲ ನಾನು ಒಂದೇ ತಪ್ಪು ಮಾಡುತ್ತಿದ್ದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಮುಗಿಸಿ ಮಧ್ಯಾಹ್ನ ಹೋಗಿ ನೀರು ತರುತ್ತಿದ್ದೆ. ಪರೀಕ್ಷೆ ಮಾಡಿದರೆ ಆಮ್ಲಜನಕ ಚೆನ್ನಾಗೇ ಇರುತ್ತಿತ್ತು. ಬಲೆ ಹಾಕುವವರಿಗೆ ಹಾಗೇ ಹೇಳಿದೆ. ಅವರಲ್ಲಿ ಹಿರಿಯರೊಬ್ಬರು, "ಸರ, ನಸುಕಿನ್ಯಾಗ ಒಮ್ಮೆ ಬಂದ್ ನೋಡ್ರಿ" ಅಂದರು.

ಹೋದೆ. ಬ್ಯಾರೇಜಿನ ಹಿಂದೆ ನೀರು ಕಂದು ಬಣ್ಣಕ್ಕೆ ತಿರುಗಿ ನಿಂತಿತ್ತು. ರೋಹು ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ನೋಡಿ ಸಂಕಟವಾಯಿತು.

300 ಮಿಲಿ ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ ತುಂಬಿದೆ. ಒಂದು ಗುಳ್ಳೆಯೂ ಒಳಗೆ ಉಳಿಯಬಾರದು. ದಂಡೆಯ ಮೇಲೇ ಮ್ಯಾಂಗನಸ್ ಸಲ್ಫೇಟ್ ಹಾಕಿದೆ, ಆಮೇಲೆ ಅಯೋಡೈಡ್ ಬೆರೆತ ಕ್ಷಾರ. ಆಮ್ಲಜನಕ ಇದ್ದರೆ ಕಂದು ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿ. ಮಧ್ಯಾಹ್ನದ ಬಾಟಲಿಯಲ್ಲಿ ಯಾವಾಗಲೂ ಗಾಢ ಕಂದು ಕಂಡಿದ್ದೆ. ಇದರಲ್ಲಿ ಹೆಚ್ಚುಕಮ್ಮಿ ಬಿಳಿ. ಮೀನಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಇಲ್ಲಿ ಅದು ಇಲ್ಲ ಅಂತ ಹೇಳೋಕೆ ಲ್ಯಾಬೇ ಬೇಕಾಗಲಿಲ್ಲ.

ಹಗಲು ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಎಳೆದುಕೊಳ್ಳುತ್ತದೆ. ಸಕ್ಕರೆ ಅಂಶದ ಕೊಳಕು ನೀರು ಸೇರಿದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಉಳಿದದ್ದನ್ನೂ ಮುಗಿಸುತ್ತವೆ. ಬೇಸಿಗೆಯಲ್ಲಿ ಹೊಳೆ ಹರಿಯುವುದಿಲ್ಲ, ನೀರು ಬಿಸಿಯಾದಷ್ಟೂ ಆಮ್ಲಜನಕ ಕರಗುವುದೂ ಕಡಿಮೆ. ಹೊತ್ತು ಮೂಡುವ ಮುಂಚೆ ಮೀನಿಗೆ ಉಸಿರೇ ಇರುವುದಿಲ್ಲ. ನಾನು ಹೋಗುತ್ತಿದ್ದುದು ಎಲ್ಲ ಮುಗಿದ ಮೇಲೆ.

ಮೀನು ನೋಡುವುದರಲ್ಲೂ ಎಡವಿದ್ದೆ. ಸತ್ತು ತೇಲುವ ಮೀನಿನ ಕಿವಿರು ಕೆಲವೇ ಗಂಟೆಯಲ್ಲಿ ಬಿಳಿಚಿಕೊಳ್ಳುತ್ತದೆ, ಅದರಿಂದ ಏನೂ ತಿಳಿಯದು. ಇನ್ನೂ ಒದ್ದಾಡುತ್ತಿರುವ ಮೀನೇ ಬೇಕು. ಕಿವಿರಿನ ಮೇಲೆ ಲೋಳೆ ಜಾಸ್ತಿ ಇದ್ದರೆ ಆಮ್ಲವೋ ಅಮೋನಿಯವೋ ಸುಟ್ಟಿರಬಹುದು. ದೊಡ್ಡ ಮೀನು ಮೊದಲು ಸತ್ತು ಮರಿಗಳು ಉಳಿದಿದ್ದರೆ ಉಸಿರಿನ ಕೊರತೆ. ದೊಡ್ಡವು, ಮರಿಗಳು ಎಲ್ಲ ಒಟ್ಟಿಗೇ ಹೋದರೆ ಹೊಲದ ಕೀಟನಾಶಕದಂಥ ವಿಷದ ಮೇಲೆ ಅನುಮಾನ ಪಡಬೇಕು.

"ಕೊರವ ಮೀನು ಬದುಕಿದೆ ಅಲ್ವಾ, ನೀರು ಸರಿಯಿದೆ" ಅಂದವರೂ ಇದ್ದರು. ಕೊರವ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಅದು ಬದುಕಿದ್ದು ನೀರಿಗೆ ಸಾಕ್ಷಿಯಲ್ಲ.

ಈಗ ಎರಡು ಖಾಲಿ ಬಾಟಲಿ ಮತ್ತು ಪರೀಕ್ಷೆಯ ರಾಸಾಯನಿಕಗಳ ಡಬ್ಬಿ ಆ ಹಿರಿಯರ ಮನೆಯಲ್ಲೇ ಇವೆ. ನಸುಕಿನಲ್ಲಿ ನೀರು ತುಂಬಿ ಅವನ್ನು ಹಾಕುವುದನ್ನು ಅವರ ಮಗನಿಗೆ ಕಲಿಸಿದ್ದೇನೆ. ನಾನು ಹೊಳೆ ಮುಟ್ಟುವ ಹೊತ್ತಿಗೆ ಗಸಿ ಕೂತಿರುತ್ತದೆ.