ಜಿಪ್ ಮತ್ತು ಸೈಕ್ವೆಸ್ಟ್: ಎರಡು ಡ್ರೈವ್ ಕಂಪನಿಗಳನ್ನು ನಾನು ತೂಗಿ ನೋಡಿದ ಬಗೆ

1995–96ರಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವು ಕೆಲವು ಕನ್ನಡಿಗ ಎಂಜಿನಿಯರುಗಳು ವಾರಾಂತ್ಯದ ಊಟಕ್ಕೆ ಸೇರಿದರೆ ಮಾತು ಷೇರಿಗೆ ಹೊರಳುತ್ತಿತ್ತು, ಷೇರಿನ ಮಾತು ಎರಡು ಹೆಸರುಗಳಿಗೆ ಅಂಟಿಕೊಳ್ಳುತ್ತಿತ್ತು: ಯೂಟಾ ರಾಜ್ಯದ ರಾಯ್ ಪಟ್ಟಣದ ಅಯೋಮೆಗಾ, ನಮ್ಮ ನೆರೆಯ ಫ್ರೀಮಾಂಟಿನ ಸೈಕ್ವೆಸ್ಟ್. ಎರಡೂ ತೆಗೆದು ಒಯ್ಯಬಹುದಾದ ಡಿಸ್ಕ್ ಡ್ರೈವ್ ಮಾಡುತ್ತಿದ್ದವು. ಆಗಿನ ಫ್ಲಾಪಿ ಹಿಡಿಯುತ್ತಿದ್ದುದು 1.44 ಮೆಗಾಬೈಟ್. ಒಂದು ದೊಡ್ಡ ಚಿತ್ರವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವುದೇ ಕಷ್ಟವಾಗಿದ್ದ ಕಾಲ ಅದು. ಆ ಕಷ್ಟವನ್ನು ಯಾರು ನೀಗಿಸುತ್ತಾರೋ ಅವರಿಗೆ ಹಣ ಹರಿದು ಬರುತ್ತದೆ ಎಂಬುದರಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಯಾರಿಗೆ ಎಂಬುದರಲ್ಲಿ ಮಾತ್ರ ಊಟ ಆರಿಹೋಗುವಷ್ಟು ವಾದ.

ಸೈಕ್ವೆಸ್ಟ್ ಪರ ವಾದ ಮಾಡುತ್ತಿದ್ದವರು ನಮ್ಮ ಗುಂಪಿನ ಹಿರಿಯರೊಬ್ಬರು. ಹಾರ್ಡ್ ಡಿಸ್ಕ್ ಉದ್ಯಮದಲ್ಲೇ ದುಡಿದವರು, ಅವರ ಮಾತಿಗೆ ತೂಕವಿತ್ತು. ಸೈಕ್ವೆಸ್ಟನ್ನು 1982ರಲ್ಲಿ ಕಟ್ಟಿದ ಸೈಯದ್ ಇಫ್ತಿಕಾರ್ ಅದಕ್ಕೆ ಮೊದಲು ಹಾರ್ಡ್ ಡಿಸ್ಕ್ ಮಾಡುವ ಸೀಗೇಟ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾಗಿದ್ದವರು. ಮುದ್ರಣ ಮತ್ತು ವಿನ್ಯಾಸದ ಕಚೇರಿಗಳಲ್ಲಿ, ಆಪಲ್ ಕಂಪನಿಯ ಮ್ಯಾಕಿಂಟಾಷ್ ಕಂಪ್ಯೂಟರ್ ಇದ್ದ ಕಡೆಯಲ್ಲೆಲ್ಲ, 44 ಮತ್ತು 88 ಮೆಗಾಬೈಟಿನ ಸೈಕ್ವೆಸ್ಟ್ ಕಾರ್ಟ್ರಿಡ್ಜ್‌ಗಳೇ ರೂಢಿಯಾಗಿದ್ದವು. 1995ರ ವಸಂತದಲ್ಲಿ ಅಯೋಮೆಗಾ 100 ಮೆಗಾಬೈಟಿನ ಜಿಪ್ ಡ್ರೈವನ್ನು ಸುಮಾರು 200 ಡಾಲರಿಗೆ, ಡಿಸ್ಕನ್ನು ಸುಮಾರು 20 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಅದೇ ವರ್ಷ ಸೈಕ್ವೆಸ್ಟ್ ಈಝಿ135 ಎಂಬ 135 ಮೆಗಾಬೈಟಿನ ಡ್ರೈವಿನಿಂದ ಉತ್ತರ ಕೊಟ್ಟಿತು. ಜಿಪ್ ದತ್ತಾಂಶ ಹುಡುಕಲು ಸರಾಸರಿ 29 ಮಿಲಿಸೆಕೆಂಡ್ ತೆಗೆದುಕೊಂಡರೆ ಈಝಿ135ಕ್ಕೆ 13.5 ಸಾಕಿತ್ತು. ಜಿಪ್ ಒಳಗೆ ಇದ್ದುದು ಬಾಗುವ ಹಾಳೆ, ಸೈಕ್ವೆಸ್ಟಿನದು ಹಾರ್ಡ್ ಡಿಸ್ಕಿನಂಥ ಗಟ್ಟಿ ತಟ್ಟೆ.

"ಹೆಚ್ಚು ಜಾಗ, ಎರಡು ಪಟ್ಟು ವೇಗ. ಇನ್ನೇನು ಬೇಕು ಹೇಳಿ ನಿಮಗೆ?" ಎನ್ನುತ್ತಿದ್ದರು ಅವರು. ಎಂಜಿನಿಯರನಾಗಿ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಆದ್ದರಿಂದ ಎಂಜಿನಿಯರನ ಕಣ್ಣನ್ನು ಬದಿಗಿಟ್ಟು ಅಂಗಡಿಗೆ ಹೋಗಿ ನಿಲ್ಲತೊಡಗಿದೆ.

ಸನಿವೇಲ್‌ನ ಫ್ರೈಸ್ ಎಂಬ ಎಲೆಕ್ಟ್ರಾನಿಕ್ಸ್ ಅಂಗಡಿ ನನ್ನ ಮನೆಯಿಂದ ಕಚೇರಿಗೆ ಹೋಗುವ ದಾರಿಯಲ್ಲಿತ್ತು. ಡ್ರೈವ್ ಇಟ್ಟ ಕಪಾಟಿನ ಹತ್ತಿರವಲ್ಲ, ಡಿಸ್ಕ್ ನೇತುಹಾಕಿದ ಕಡೆ ನಿಲ್ಲುತ್ತಿದ್ದೆ. ಅಯೋಮೆಗಾದ ವ್ಯವಹಾರ ರೇಜರನ್ನು ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ದುಡ್ಡು ಮಾಡುವಂಥದ್ದು, ಡ್ರೈವಿನಲ್ಲಿ ಉಳಿಯುವುದು ಅಲ್ಪ ಎಂದು ಎಲ್ಲರೂ ಹೇಳುತ್ತಿದ್ದರು. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಡ್ರೈವ್ ಕೊಂಡವರು ಡಿಸ್ಕಿಗಾಗಿ ಮತ್ತೆ ಬರುತ್ತಾರೆಯೇ? ಒಂದೇ ಡಿಸ್ಕ್ ಕೊಂಡು ಹೋಗುವವನು ಬಹುಶಃ ಹೊಸಬ. ಹತ್ತರ ಕಟ್ಟು ಎತ್ತಿಕೊಳ್ಳುವವನನ್ನು ನಾನು ಬಿಡುತ್ತಿರಲಿಲ್ಲ, ಏನು ತುಂಬಿಸುತ್ತೀರಿ ಎಂದು ಕೇಳುತ್ತಿದ್ದೆ. ಲೆಕ್ಕಪತ್ರದ ಪ್ರತಿ, ಮಕ್ಕಳ ಆಟಗಳು, ಮುದ್ರಕರಿಗೆ ಕಳಿಸುವ ಕರಪತ್ರ... ಉತ್ತರಗಳ ಬಗೆ ನೋಡಿದಾಗಲೇ ಇದು ಮ್ಯಾಕಿಂಟಾಷಿನ ಕಲಾವಿದರನ್ನು ದಾಟಿ ಸಾಮಾನ್ಯ ಮನೆಗಳಿಗೆ ಹೊಕ್ಕಿದೆ ಎಂದು ತಿಳಿಯಿತು.

ಅದಕ್ಕೆ ಕಾರಣ ಕಂಪ್ಯೂಟರಿನ ಬೆನ್ನಿನಲ್ಲಿತ್ತು. ಜಿಪ್ ಆರಂಭದಿಂದಲೇ ಪ್ಯಾರಲಲ್ ಪೋರ್ಟಿಗೆ, ಅಂದರೆ ಪ್ರಿಂಟರಿನ ಕೇಬಲ್ ಸಿಕ್ಕಿಸುವ ಜಾಗಕ್ಕೆ, ಹೊಂದುವ ಮಾದರಿಯಲ್ಲೂ ಸಿಗುತ್ತಿತ್ತು. ನಿಧಾನ ನಿಜ. ಆದರೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ವೇಗದ ಡ್ರೈವ್ ಜೋಡಿಸಲು ಬೇಕಾದ ಸ್ಕಸಿ ಕಾರ್ಡ್ ಕೂರಿಸಲು ಬಾರದವರೂ ಅದನ್ನು ಬಳಸಬಹುದಾಗಿತ್ತು. ಸೈಕ್ವೆಸ್ಟಿನ ವೇಗವನ್ನು ಹೊಗಳುತ್ತಿದ್ದ ನಮ್ಮ ಗುಂಪಿನಲ್ಲಿ ಕಾರ್ಡ್ ಕೂರಿಸಲು ಬಾರದವರು ಒಬ್ಬರೂ ಇರಲಿಲ್ಲ. ವಾದ ಒಂದೇ ಕಡೆ ವಾಲಿದ್ದು ಅದಕ್ಕಾಗಿಯೇ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಡಿಸ್ಕ್ ಎಂಬುದು ಇನ್ನೊಬ್ಬರಿಗೆ ಕೊಡುವ ವಸ್ತು. ಪಡೆಯುವವರ ಬಳಿ ಅದನ್ನು ಓದುವ ಡ್ರೈವ್ ಇಲ್ಲದಿದ್ದರೆ 135 ಮೆಗಾಬೈಟೂ ವ್ಯರ್ಥ. ಮುದ್ರಣಕ್ಕೆ ಪುಟಗಳನ್ನು ಸಿದ್ಧಪಡಿಸುವ ಪರಿಚಯದ ಕಚೇರಿಯೊಂದರಲ್ಲಿ ಗಿರಾಕಿಗಳು ಏನು ತಂದುಕೊಡುತ್ತಾರೆ ಎಂದು ಆಗಾಗ ವಿಚಾರಿಸುತ್ತಿದ್ದೆ. ಹಳೆಯ 44ರ ಕಾರ್ಟ್ರಿಡ್ಜ್‌ಗಳ ಪಕ್ಕದಲ್ಲಿ ಜಿಪ್ ಡಿಸ್ಕ್‌ಗಳು ಬರತೊಡಗಿದವು. ಈಝಿ135 ಅಪರೂಪವಾಗಿಯೇ ಉಳಿಯಿತು. ಸೈಕ್ವೆಸ್ಟಿನ ಕೋಟೆಯೊಳಗೇ ಹೀಗಾಗಿತ್ತು.

ಅಂಗಡಿಯಲ್ಲಿ ಕಂಡದ್ದು ಲೆಕ್ಕದಲ್ಲೂ ಇದೆಯೇ ಎಂದು ನೋಡಲು ತ್ರೈಮಾಸಿಕ ವರದಿಗಳನ್ನು ಓದುತ್ತಿದ್ದೆ. ಅಮೆರಿಕದ ಷೇರು ನಿಯಂತ್ರಣ ಆಯೋಗದ ಎಡ್ಗರ್ ಸಂಗ್ರಹ ಆಗಷ್ಟೇ ಅಂತರ್ಜಾಲದಲ್ಲಿ ಸಾಮಾನ್ಯರಿಗೆ ತೆರೆದುಕೊಂಡಿತ್ತು, ಅದೊಂದು ದೊಡ್ಡ ವರ. ಅಯೋಮೆಗಾದ ಮಾರಾಟ 1994ರಲ್ಲಿ 14 ಕೋಟಿ ಡಾಲರಿನಷ್ಟಿದ್ದುದು 1995ರಲ್ಲಿ 32 ಕೋಟಿ ದಾಟಿ, 1996ರಲ್ಲಿ 120 ಕೋಟಿಗೆ ಏರಿತು. ಸೈಕ್ವೆಸ್ಟಿನದು ಅದೇ ಹೊತ್ತಿನಲ್ಲಿ ಸುಮಾರು 30 ಕೋಟಿಯಿಂದ 20 ಕೋಟಿಗೆ ಇಳಿಯಿತು. 1996ರ ಸೆಪ್ಟೆಂಬರಿಗೆ ಮುಗಿದ ವರ್ಷದಲ್ಲಿ ಅದರ ನಷ್ಟ 13 ಕೋಟಿ ಡಾಲರಿಗೂ ಹೆಚ್ಚು. ಜಿಪ್‌ಗೆ ಎದುರಾಗಿ ಬೆಲೆ ಇಳಿಸಿದಷ್ಟೂ ಪ್ರತಿ ಡ್ರೈವಿನಲ್ಲೂ ಕೈಯಿಂದ ಹಣ ಹೋಗುತ್ತಿತ್ತು. ಆ ಹಣವನ್ನು ಮರಳಿ ತರುವಷ್ಟು ಕಾರ್ಟ್ರಿಡ್ಜ್ ಮಾರಾಟವಿರಲಿಲ್ಲ.

ಆದರೂ ನಾನು ಸೈಕ್ವೆಸ್ಟ್ ಷೇರನ್ನು ಮುಟ್ಟದಿದ್ದುದಕ್ಕೆ ನಷ್ಟಕ್ಕಿಂತ ದೊಡ್ಡ ಕಾರಣ ಅದು ಹಣ ಎತ್ತಿದ ರೀತಿ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಅನೇಕರು ಈ ಪುಟವನ್ನು ಓದದೆ ಬಿಡುತ್ತಾರೆ. ಕಂಪನಿ ಪರಿವರ್ತನೀಯ ಆದ್ಯತಾ ಷೇರುಗಳನ್ನು ಮಾರಿತು. ಅವುಗಳನ್ನು ಸಾಮಾನ್ಯ ಷೇರಾಗಿ ಬದಲಿಸುವ ದರ ಮೊದಲೇ ಗೊತ್ತುಮಾಡಿದ್ದಲ್ಲ, ಬದಲಿಸುವ ಹೊತ್ತಿನ ಮಾರುಕಟ್ಟೆ ಬೆಲೆಗೆ ಕಟ್ಟಿದ್ದು, ಅದರಲ್ಲೂ ರಿಯಾಯಿತಿ. ಉದಾಹರಣೆಗೆ ಒಬ್ಬ 10 ಲಕ್ಷ ಡಾಲರ್ ಹಾಕಿದ್ದಾನೆ ಎನ್ನೋಣ. ಷೇರು 10 ಡಾಲರ್ ಇದ್ದರೆ ಅವನಿಗೆ 1 ಲಕ್ಷ ಷೇರು, 5ಕ್ಕೆ ಇಳಿದರೆ 2 ಲಕ್ಷ, 2ಕ್ಕೆ ಇಳಿದರೆ 5 ಲಕ್ಷ. ಬೆಲೆ ಬಿದ್ದಷ್ಟೂ ಹೊಸ ಷೇರುಗಳು ಹುಟ್ಟುತ್ತವೆ, ಅವು ಮಾರುಕಟ್ಟೆಗೆ ಬಂದಷ್ಟೂ ಬೆಲೆ ಮತ್ತೆ ಬೀಳುತ್ತದೆ. ಹಣ ಹಾಕಿದವನಿಗೆ ರಕ್ಷಣೆಯಿದೆ, ನನ್ನಂಥ ಸಾಮಾನ್ಯ ಷೇರುದಾರನ ಪಾಲು ಮಾತ್ರ ತೆಳುವಾಗುತ್ತಾ ಹೋಗುತ್ತದೆ. "ಡ್ರೈವ್ ಎಷ್ಟೇ ಚೆನ್ನಾಗಿರಲಿ, ಗೆದ್ದರೂ ಆ ಗೆಲುವಿನಲ್ಲಿ ನಮಗೆ ಸಿಗುವ ಪಾಲೆಷ್ಟು?" ಎಂದು ಹಿರಿಯರನ್ನು ಕೇಳಿದೆ. ಅವರು ವರದಿಯನ್ನು ಮನೆಗೆ ಒಯ್ದು ಓದಿದರು. ಷೇರು ಮಾರಲಿಲ್ಲ, ಆದರೆ ಮತ್ತೆ ಕೊಳ್ಳುವುದನ್ನು ನಿಲ್ಲಿಸಿದರು.

ಅಯೋಮೆಗಾವನ್ನು ನಾನು 1995ರಲ್ಲೇ ಕೊಂಡಿದ್ದೆ. 1996ರ ಮೊದಲ ಐದು ತಿಂಗಳಲ್ಲಿ ಅದರ ಷೇರು ಎರಡು ಸಲ ವಿಭಜನೆಯಾಯಿತು, ಮೊದಲು ಒಂದಕ್ಕೆ ಮೂರು, ಆಮೇಲೆ ಒಂದಕ್ಕೆ ಎರಡು. ಮೇ ತಿಂಗಳಲ್ಲಿ ಬೆಲೆ ತುತ್ತತುದಿ ಮುಟ್ಟಿತು. 1995ರಲ್ಲಿ ಒಂದು ಕೋಟಿ ಡಾಲರನ್ನೂ ಮುಟ್ಟದ ಲಾಭ ಗಳಿಸಿದ ಕಂಪನಿಗೆ ಮಾರುಕಟ್ಟೆ ಹಲವು ನೂರು ಕೋಟಿ ಡಾಲರಿನ ಬೆಲೆ ಕಟ್ಟಿತ್ತು. ಬೀಳುತ್ತದೆಂದು ಪಣ ಕಟ್ಟಿ ಶಾರ್ಟ್ ಮಾಡಿದವರಿಗೂ ಗೇಲಿ ಮಾಡುತ್ತಿದ್ದ ಅಭಿಮಾನಿಗಳಿಗೂ ನಡುವೆ ಜಗಳ ವಿಪರೀತಕ್ಕೆ ಹೋಗಿತ್ತು. ನಾನು ಎರಡು ಗುಂಪಿನಲ್ಲೂ ಇರಲಿಲ್ಲ. ಮುಂದಿನ ಮೂರು ವರ್ಷ ಎಲ್ಲವೂ ಚೆನ್ನಾಗಿ ನಡೆದರೆ ಎಷ್ಟು ಲಾಭ ಬರಬಹುದು ಎಂದು ಕಾಗದದ ಮೇಲೆ ಬರೆದೆ. ಆ ಅತ್ಯುತ್ತಮ ಕಥೆಗೂ ಷೇರಿನ ಬೆಲೆ ಹೆಚ್ಚಾಗಿ ಕಂಡಿತು. ಹಾಕಿದ ಬಂಡವಾಳದಷ್ಟನ್ನು ಮಾರಿ ತೆಗೆದು ಮಿಕ್ಕ ಷೇರುಗಳನ್ನು ಹಾಗೇ ಉಳಿಸಿಕೊಂಡೆ. ಕಾಂಪ್ಯಾಕ್, ಇಮೇಷನ್, ಮಾತ್ಸುಶಿತಾ ಸೇರಿ ತಂದ 120 ಮೆಗಾಬೈಟಿನ ಎಲ್‌ಎಸ್-120 ಡ್ರೈವ್ ಹಳೆಯ ಫ್ಲಾಪಿಯನ್ನೂ ಓದುತ್ತಿತ್ತು. ಅದರಿಂದ ಕೆಲವರು ಹೆದರಿದರು. ಅಷ್ಟು ಹೊತ್ತಿಗೆ ಜಿಪ್ ಹಲವು ಕಂಪ್ಯೂಟರುಗಳ ಒಳಗೇ ಕೂತು ಬರುತ್ತಿತ್ತು, ನನಗೆ ಆ ಭಯ ಹತ್ತಲಿಲ್ಲ.

1998ರ ಆರಂಭದಲ್ಲಿ ಸೈಕ್ವೆಸ್ಟ್ ಒಂದು ಗಿಗಾಬೈಟಿನ ಸ್ಪಾರ್ಕ್ ಡ್ರೈವನ್ನು 199 ಡಾಲರಿಗೆ ತಂದಾಗ ಹಿರಿಯರ ಮುಖ ಅರಳಿತು. ಜಿಪ್‌ನ ಹತ್ತು ಪಟ್ಟು ಜಾಗ! ಆದರೆ ಅಷ್ಟು ಅಗ್ಗಕ್ಕೆ ಮಾರಿ ಬದುಕಲು ಬೇಕಾದ ನಗದು ಅದರ ಬಳಿ ಇರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಕೆಲಸ ನಿಲ್ಲಿಸಿ ದಿವಾಳಿತನದ ಅರ್ಜಿ ಹಾಕಿತು. ಮರುವರ್ಷ ಅದರ ಸ್ವತ್ತನ್ನು ಕೊಂಡದ್ದು ಅಯೋಮೆಗಾ.

ಆ ಹೊತ್ತಿಗೆ ನಾನು ಅಯೋಮೆಗಾದಿಂದಲೂ ಹೊರಬಂದಿದ್ದೆ. 1998ರಲ್ಲಿ ಕ್ಲಿಕ್ ಸದ್ದು ಮಾಡುತ್ತಾ ಜಿಪ್ ಡ್ರೈವ್ ಕೆಟ್ಟುಹೋಗುತ್ತದೆ ಎಂಬ ದೂರು ನ್ಯಾಯಾಲಯದ ಮೆಟ್ಟಿಲೇರಿತು, ಕಂಪನಿ ಆ ವರ್ಷ ನಷ್ಟ ಕಂಡಿತು. ಆದರೆ ನನ್ನನ್ನು ಹೊರಡಿಸಿದ್ದು ಅದೇ ಫ್ರೈಸ್ ಅಂಗಡಿಯ ಕಪಾಟು. ಬರೆಯಬಲ್ಲ ಸಿ.ಡಿ.ಗಳು ಜಿಪ್ ಡಿಸ್ಕ್‌ಗಳ ಜಾಗವನ್ನು ತಿನ್ನುತ್ತಿದ್ದವು. ಒಂದರಲ್ಲಿ 650 ಮೆಗಾಬೈಟ್, ಬೆಲೆ ಕೆಲವೇ ಡಾಲರಿಗೆ ಇಳಿದು ಇನ್ನೂ ಇಳಿಯುತ್ತಿತ್ತು. ಪಡೆಯುವವರ ಬಳಿ ಓದುವ ಡ್ರೈವ್ ಇದೆಯೇ ಎಂಬ ಪ್ರಶ್ನೆಯನ್ನು ಮತ್ತೆ ಹಾಕಿಕೊಂಡೆ. ಹೊಸ ಕಂಪ್ಯೂಟರ್ ಎಂದರೆ ಅದರಲ್ಲಿ ಸಿ.ಡಿ. ಡ್ರೈವ್ ಇದ್ದೇ ಇರುತ್ತಿತ್ತು. ಬರೆಯುವ ಯಂತ್ರ ಇನ್ನೂ ದುಬಾರಿಯಾಗಿತ್ತು, ಅದೊಂದೇ ಜಿಪ್‌ಗೆ ಉಳಿದಿದ್ದ ಆಸರೆ. ಅದರ ಬೆಲೆ 300 ಡಾಲರಿನ ಕೆಳಗೆ ಬಂದುದನ್ನು ಕಂಡ ವಾರದಲ್ಲೇ ಉಳಿದ ಷೇರುಗಳನ್ನೂ ಮಾರಿದೆ.